ಕಂಡದ್ದಷ್ಟೇ

ಹನ್ನೆರಡು ನಿಮಿಷದ ನೃತ್ಯದಲ್ಲಿ ಕೃತಿಕಾ ಮೂರು ಸಲ ಬಿದ್ದಳು, ನಾಲ್ಕು ಸಲ ಬಾಗಿಲ ಕಡೆ ನೋಡಿದಳು. ಬೀಳುವುದು ಅವಳೇ ಸಂಯೋಜಿಸಿದ್ದು, ಹತ್ತು ದಿನ ಮಂಡಿ ತರಚಿಕೊಂಡು ಕಲಿತದ್ದು. ಬಾಗಿಲು ನೋಡುವುದು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಅಪ್ಪ ಬರುತ್ತೇನೆ ಎಂದಿದ್ದ, ಬರಲಿಲ್ಲ, ಅಷ್ಟೇ ಸಂಗತಿ.

ಕಳಸದ ಹತ್ತಿರದ ಎಸ್ಟೇಟೊಂದರ ಹಳೇ ಕಾಫಿ ಗೋದಾಮಿನಲ್ಲಿ ನಡೆದ ಶಿಬಿರ ಅದು. ನೃತ್ಯ ಸಂಯೋಜನೆಗೆ ಹೊಸದಾಗಿ ಇಳಿದ ಆರು ಮಂದಿ, ಅವರನ್ನು ತಿದ್ದಲು ಅರ್ಪಿತಾ ಮೇಡಂ. ಕೊನೆಯ ದಿನ ಒಬ್ಬೊಬ್ಬರೂ ತಮ್ಮದನ್ನು ಮಾಡಿ ತೋರಿಸಬೇಕು, ಮನೆಯವರನ್ನೂ ಕರೆಯಬಹುದು. ಕೃತಿಕಾಳ ಅಪ್ಪ ದೇವರಾಜ ಮಲ್ಲಂದೂರಿನ ಕಾಫಿ ಪ್ಲಾಂಟರ್. ಮಗಳು ಭರತನಾಟ್ಯ ಮಾಡುತ್ತಿದ್ದಷ್ಟು ದಿನ ಮುಂದಿನ ಸಾಲಿನಲ್ಲೇ ಕೂತು, ಹಿಂದಿನವರಿಗೆ ಅಡ್ಡವಾಗಿ ಎದ್ದು ನಿಂತು ಫೋಟೋ ಹೊಡೆದವನು. ಅವಳು ಗೆಜ್ಜೆ ಬಿಚ್ಚಿಟ್ಟು ಈ ಹೊಸ ನಮೂನೆಯ ನೃತ್ಯ ಹಿಡಿದ ಮೇಲೆ ಐದು ವರ್ಷದಲ್ಲಿ ಒಂದನ್ನೂ ನೋಡಲು ಬಂದಿಲ್ಲ. ಒಮ್ಮೆ ಮೊಬೈಲಿನಲ್ಲಿ ತೋರಿಸಿದ್ದಕ್ಕೆ, "ನೆಲದ ಮೇಲೆ ಹೊರಳಾಡೋಕೂ ಟ್ರೈನಿಂಗ್ ಬೇಕಾ ಮಾರಾಯ್ತಿ?" ಎಂದು ಕೇಳಿ ಮನೆಮಂದಿಯನ್ನೆಲ್ಲ ನಗಿಸಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಬಚ್ಚಲುಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದಳು.

ಅಂಥ ಅಪ್ಪ ನಿನ್ನೆ ಫೋನಿನಲ್ಲಿ, ಹಣ್ಣು ಕೊಯ್ಲು ಜೋರಿದೆ, ಆದರೂ ಹೇಗಾದರೂ ಮಾಡಿ ಬರುತ್ತೇನೆ ಎಂದಿದ್ದ. ಪ್ರದರ್ಶನಕ್ಕೆ ಮುಂಚೆ ಬಾಗಿಲು ಹಾಕಿ, ಒಳಗೆ ಬರಬೇಡಿ ಎಂದು ಹೊರಗೊಂದು ಚೀಟಿ ಅಂಟಿಸುವುದು ಅರ್ಪಿತಾ ಮೇಡಂ ಪದ್ಧತಿ. ಕೃತಿಕಾಗೆ ಅದರ ಚಿಂತೆ ಇರಲಿಲ್ಲ. ಅವಳ ಅಪ್ಪ ಚೀಟಿ ಓದಿ ನಿಲ್ಲುವ ಆಸಾಮಿಯೇ ಅಲ್ಲ. ಬ್ಯಾಂಕಾಗಲಿ, ತಾಲ್ಲೂಕು ಕಚೇರಿಯಾಗಲಿ, ಒಳಗೆ ಹೋಗಿ ಕುರ್ಚಿ ಎಳೆದು ಕೂತ ಮೇಲೆ ಬರಬಹುದಾ ಎಂದು ಕೇಳುವವನು. ಬಂದಿದ್ದರೆ ಬಾಗಿಲು ತೆರೆದೇ ತೆರೆಯುತ್ತಿತ್ತು. ತೆರೆಯಲಿಲ್ಲ ಎಂದರೆ ಬಂದಿಲ್ಲ.

ನೃತ್ಯ ಮುಗಿದು ಎಲ್ಲರೂ ಸುತ್ತ ಕೂತರು. ಶಿಬಿರದ ಕಟ್ಟುನಿಟ್ಟಿನ ನಿಯಮ ಒಂದೇ: ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ, ಕಂಡದ್ದನ್ನಷ್ಟೇ ಹೇಳಬೇಕು. ಆದರೆ ಕಲಾವಿದರು ಸುತ್ತ ಕೂತಲ್ಲಿ ಕಂಡದ್ದಕ್ಕಿಂತ ಕಾಣದ್ದರ ಮಾತೇ ಜಾಸ್ತಿ. ಜೊತೆಯ ಶಿಬಿರಾರ್ಥಿ ತನ್ಮಯ್ ಕಣ್ಣು ಮುಚ್ಚಿಕೊಂಡು, ಬಾಗಿಲ ಕಡೆಯ ಆ ನೋಟದಲ್ಲಿ ತನಗೆ ಹೆಣ್ಣಿನ ಬಿಡುಗಡೆ ಕಂಡಿತು ಅಂದ. ಪಕ್ಕದವಳಿಗೆ ಅದೇ ನೋಟದಲ್ಲಿ ಸಾವು ಕಂಡಿತ್ತು. ರಿಹರ್ಸಲಿನಲ್ಲಿ ಇದು ಇರಲಿಲ್ಲವಲ್ಲ ಎಂದು ಮೇಡಂ ಕೇಳಿದರು. ಬೇಕೆಂದೇ ಮುಚ್ಚಿಟ್ಟಿದ್ದೆ ಎಂದು ಕೃತಿಕಾ ನಾಚಿಕೆಯಿಲ್ಲದೆ ಒಂದು ಸುಳ್ಳು ಬಿಟ್ಟಳು. ಹಾಗಾದರೆ ಬೆಂಗಳೂರಿನ ಉತ್ಸವಕ್ಕೆ ಹೋಗುವಾಗ ನಾಲ್ಕನ್ನು ಆರು ಮಾಡು ಎಂದರು ಮೇಡಂ. ಕೃತಿಕಾ ಶ್ರದ್ಧೆಯಿಂದ ಪುಸ್ತಕದಲ್ಲಿ ಬರೆದುಕೊಂಡಳು. ಕಣ್ಣು ಮಂಜಾಗಿ, ಬರೆದದ್ದು ಆರೋ ಅರವತ್ತೋ ಅವಳಿಗೇ ತಿಳಿಯಲಿಲ್ಲ.

ಕೊನೆಗೆ ಮೇಡಂ, ಹಿಂದಿನ ಕಿಟಕಿಯ ಪಕ್ಕ ನಿಂತಿದ್ದ ರಂಗಮ್ಮನನ್ನು ಕರೆದರು. ಹತ್ತು ದಿನ ಕಡುಬು, ಅಕ್ಕಿರೊಟ್ಟಿ ಬಡಿಸಿ ಇವರನ್ನೆಲ್ಲ ಸಾಕಿದ ಅಡುಗೆಯಾಕೆ. ಒಲೆಯ ಮೇಲೆ ಹಾಲಿದೆ, ಉಕ್ಕಿದರೆ ಸಂಜೆಗೆ ಯಾರಿಗೂ ಕಾಫಿಯಿಲ್ಲ ಎಂದು ರಂಗಮ್ಮ ತಪ್ಪಿಸಿಕೊಳ್ಳಲು ನೋಡಿದಳು. ಒಂದು ಮಾತು ಹೇಳಿಯೇ ಹೋಗಬೇಕೆಂದು ಮೇಡಂ ಪಟ್ಟು ಹಿಡಿದರು.

"ನಂಗೆ ಕಂಡಿದ್ದು ಇಷ್ಟು. ಕೃತಿಕಮ್ಮ ಯಾರನ್ನೋ ಕಾಯ್ತಿದ್ರು."

ತನ್ಮಯ್ ಕಣ್ಣು ತೆರೆದ. ಕೃತಿಕಾ ಪೆನ್ನು ಕೆಳಗಿಟ್ಟಳು. ಇನ್ನೊಂದು ಸುಳ್ಳು ಕಟ್ಟಲು ಅವಳಲ್ಲಿ ತ್ರಾಣವಿರಲಿಲ್ಲ. ಹೌದು, ಅಪ್ಪನನ್ನು ಕಾಯುತ್ತಿದ್ದೆ, ಬರಲಿಲ್ಲ, ಬಿಡಿ ಎಂದಳು. ಹಗುರವಾಗಿ ಹೇಳಬೇಕೆಂದು ಹೊರಟವಳು, ಬಿಡಿ ಎನ್ನುವ ಹೊತ್ತಿಗೆ ಪುಸ್ತಕ ಮುಚ್ಚಿ ತಲೆ ತಗ್ಗಿಸಿದ್ದಳು.

"ದಪ್ಪ ಮೀಸೆ, ಹಸಿರು ಜರ್ಕಿನ್ ಹಾಕಿರೋರಾ?" ರಂಗಮ್ಮ ಕೇಳಿದಳು.

ಕೃತಿಕಾ ತಟ್ಟನೆ ತಲೆಯೆತ್ತಿದಳು.

"ಅವ್ರು ಬಂದಿದ್ರಲ್ಲ. ಈ ಕಿಟಕಿ ಹೊರಗೇ ನಿಂತು ಪೂರ್ತಿ ನೋಡಿದ್ರು. ಒಳಗೆ ಹೋಗಿ ಅಂತ ನಾ ಬಾಗಿಲು ತೋರ್ಸಿದ್ರೆ, ಸುಮ್ಮನಿರು ಅಂತ ಕೈ ಸನ್ನೆ ಮಾಡಿದ್ರು. ನೀವು ನೋಡಿದ್ರೆ ಬಾಗಿಲೇ ನೋಡ್ತಿದ್ರಿ, ಈ ಕಡೆ ತಿರುಗ್ಲೇ ಇಲ್ಲ."

ಈಗ ಎಲ್ಲಿ ಎಂದರೆ, ಅಂಗಳದಲ್ಲಿ ಜೀಪಿನ ಹತ್ತಿರ ನಿಂತಿದ್ದಾರೆ ಎಂದಳು. ಕೃತಿಕಾ ಎದ್ದು ಓಡಿದವಳು ಬಾಗಿಲ ಹಿಡಿಕೆಗೆ ಕೈ ಹಾಕಿ ನಿಂತುಬಿಟ್ಟಳು. ಮೂರು ಸಲ ಬಿದ್ದಾಗಲೂ ಆಗದ ಹೆದರಿಕೆ ಈಗ ಆಯಿತು. ಅವಳು ತಿರುಗಿ, ಸಣ್ಣ ದನಿಯಲ್ಲಿ ಕೇಳಿದಳು.

"ನಕ್ಕರಾ ರಂಗಮ್ಮ?"

"ಇಲ್ಲಪ್ಪ," ಎಂದಳು ರಂಗಮ್ಮ. "ಬಂದ ಕೂಡ್ಲೆ ಬಗ್ಗಿ ಎರಡೂ ಬೂಟು ಬಿಚ್ಚಿ ಪಕ್ಕಕ್ಕಿಟ್ರು. ಮುಗಿಯೋವರೆಗೂ ಆ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲೇ ನಿಂತಿದ್ರು."