ಲಟ್ಟಣಿಗೆ ಸಿಕ್ಕಿಸಿದ ಬಾಗಿಲು

"ಲಟ್ಟಣಿಗೆ ಕೊಡು. ತಮಾಷೆ ಸಾಕು," ಎಂದು ಹಡಗಿನ ಮುಖ್ಯ ಅಡುಗೆಯವನು ಕೈ ಚಾಚಿದ.

"ಹಿಟ್ಟು ಲಟ್ಟಿಸೋಕೆ ಆದ್ರೆ ಈಗಲೇ ತಗೊಳ್ಳಿ ಭಾವ. ಬಾಗಿಲಿಗೆ ಸಿಕ್ಕಿಸೋಕೆ ಆದ್ರೆ ಕೊಡಲ್ಲ," ಎಂದು ಅವಳು ಅದನ್ನು ಬೆನ್ನ ಹಿಂದೆ ಹಿಡಿದಳು.

ಅವಳು ಅವನ ಹೆಂಡತಿಯ ತಂಗಿ, ಆ ಪ್ರವಾಸಿ ಹಡಗಿನ ಬೆಂಕಿ ಕಾವಲಿನವಳು. ಶಿಫಾರಸು ಮಾಡಿ ಕೆಲಸ ಕೊಡಿಸಿದವನು ಭಾವನೇ. ಈಗ ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಂತಾಗಿತ್ತು ಅವನಿಗೆ. ದಿನಕ್ಕೆ ಮೂರು ಸಲ ಅವಳು ಹದಿಮೂರು ಅಂತಸ್ತು ಸುತ್ತುತ್ತಿದ್ದಳು. ಬೆಂಕಿ ಹರಡದಂತೆ ತಾವಾಗಿ ಮುಚ್ಚಿಕೊಳ್ಳಬೇಕಾದ ಉಕ್ಕಿನ ಬಾಗಿಲುಗಳಿಗೆ ಯಾರು ಏನೇ ಬೆಣೆ ಕೊಟ್ಟಿದ್ದರೂ ಕಿತ್ತು ಚೀಲಕ್ಕೆ ಹಾಕುತ್ತಿದ್ದಳು. ಹಡಗಿನವರೆಲ್ಲ ಅವಳಿಗೆ ಬಾಗಿಲಮ್ಮ ಎಂದೇ ಹೆಸರಿಟ್ಟಿದ್ದರು.

"ಕರಿಯೋ ಕೋಣೆಯಿಂದ ಕೇಕಿನ ಕೋಣೆಗೆ ದಿನಕ್ಕೆ ಇನ್ನೂರು ಸಲ ಓಡಾಡ್ತೀವಿ ಕಣೆ. ಎರಡು ಕೈಲೂ ತಟ್ಟೆ. ಬಾಗಿಲನ್ನ ಹಲ್ಲಲ್ಲಿ ತೆಗೀಲಾ?"

"ಬೆನ್ನಲ್ಲಿ ತಳ್ಳಿ. ಮನೇಲಿ ಒಂದು ಕೆಲಸಕ್ಕೂ ಬಗ್ಗದೆ ಗಟ್ಟಿಮುಟ್ಟಾಗಿ ಇದೆ ಅಂತಾಳೆ ಅಕ್ಕ."

ಅಡುಗೆಯವರು ಏಳು ಜನವೂ ಗೊಳ್ಳೆಂದು ನಕ್ಕರು. "ಸುತ್ತ ಸಮುದ್ರಾನೇ ಇದೆ, ಬಾಗಿಲಮ್ಮಂಗೆ ಬೆಂಕಿ ಭಯ!" ಎಂದ ಒಬ್ಬ. ಭಾವ ಮಾತ್ರ ನಗಲಿಲ್ಲ. ನಾಲ್ಕು ಗಂಟೆಗೆ ಒಂದು ವೃದ್ಧ ದಂಪತಿಯ ಮದುವೆಯ ಐವತ್ತನೇ ವರ್ಷದ ಔತಣವಿತ್ತು, ನಾನೂರು ಅತಿಥಿಗಳು, ಐದು ಅಂತಸ್ತಿನ ಕೇಕು. "ನಿನ್ನ ಮೇಲೆ ಮೂರು ದೂರು ಹೋಗಿದೆ. ನಾಲ್ಕನೇದು ಹೋದ್ರೆ ಮುಂದಿನ ಬಂದರಲ್ಲಿ ಇಳಿಸ್ತೀನಿ ಅಂದಿದ್ದಾರೆ ಕ್ಯಾಪ್ಟನ್. ಗೊತ್ತು ತಾನೆ?"

ಗೊತ್ತಿತ್ತು. ಕ್ಯಾಪ್ಟನ್ನರ ಎಚ್ಚರಿಕೆಯ ಪತ್ರ ಜೇಬಿನಲ್ಲೇ ಇತ್ತು. ಎರಡು ಸಲ ತರಬೇತಿಯಲ್ಲಿ ಫೇಲಾಗಿ, ಮೂರನೇ ಸಲ ಹಟ ಹಿಡಿದು ಗಿಟ್ಟಿಸಿದ ಕೆಲಸ. ಅದೆಂದರೆ ಅವಳಿಗೆ ಪ್ರಾಣ. ಹೆದರಿಕೆಯಾಯಿತು. ಒಂದು ದಿನದ ಮಟ್ಟಿಗೆ ಕೊಟ್ಟುಬಿಡಲೇ ಎನ್ನಿಸಿ ಕೈ ಅರ್ಧ ಮುಂದೆ ಬಂದೂ ಬಂತು. ಅಷ್ಟರಲ್ಲಿ ತಟ್ಟೆ ಹಿಡಿದ ಒಬ್ಬ ದಾಟಿಹೋದ, ಬೆಣೆಯಿಲ್ಲದ ಬಾಗಿಲು ಅವನ ಹಿಂದೆಯೇ ಧಡ್ಡೆಂದು ಮುಚ್ಚಿಕೊಂಡಿತು. ಅವಳು ಲಟ್ಟಣಿಗೆಯನ್ನು ಚೀಲಕ್ಕೆ ಹಾಕಿದಳು.

"ದೂರು ಕೊಡಿ ಭಾವ."

ಅವನು ದುಸುದುಸು ಎನ್ನುತ್ತ ಕ್ಯಾಪ್ಟನ್ನರ ಕೋಣೆಗೆ ಮೆಟ್ಟಿಲು ಹತ್ತಿದ. ಅವಳು ಕೇಕಿನ ಕೋಣೆಗೆ ಬಂದು ಅಲ್ಲಿನ ಬೆಂಕಿ ಆರಿಸುವ ಸಿಲಿಂಡರುಗಳನ್ನು ನೋಡತೊಡಗಿದಳು. ಕಾಲು ಗಂಟೆಯೂ ಆಗಿರಲಿಲ್ಲ, ಬಾಗಿಲಾಚೆ ಕಿರುಚಾಟ ಕೇಳಿಸಿತು. ಬಾಗಿಲು ತಳ್ಳಿ ನೋಡಿದರೆ, ಕರಿಯುವ ತೊಟ್ಟಿಯ ಎಣ್ಣೆ ಮಿತಿಮೀರಿ ಕಾದು ಹೊತ್ತಿಕೊಂಡಿದೆ, ಜ್ವಾಲೆ ಹೊಗೆಗೂಡನ್ನು ನೆಕ್ಕುತ್ತಿದೆ. ಸಮುದ್ರದ ಮಾತಾಡಿದ್ದವನೇ ಬಕೆಟ್ ಎತ್ತಿದ್ದ.

"ನೀರು ಹಾಕಬೇಡ! ಸಿಡಿಯತ್ತೆ! ಎಲ್ಲಾ ಬಿಟ್ಟು ಈಚೆ ಬನ್ನಿ!"

ಅವರು ಎದ್ದೆವೋ ಬಿದ್ದೆವೋ ಎಂದು ಈಚೆಗೆ ಓಡಿಬಂದರು. ಅವಳು ಒಬ್ಬೊಬ್ಬರ ಬೆನ್ನು ಮುಟ್ಟಿ ಎಣಿಸಿದಳು, ಏಳು. ಓಡುವ ಗಡಿಬಿಡಿಯಲ್ಲಿ ಹಿಂತಿರುಗಿ ಬಾಗಿಲು ಹಾಕುವ ವ್ಯವಧಾನ ಯಾರಿಗೂ ಇರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಕೊನೆಯವನ ಹಿಂದೆಯೇ ಅದು ಧಡ್ಡೆಂದು ತಾನಾಗಿ ಮುಚ್ಚಿಕೊಂಡಿತು. ಅವಳು ಗೋಡೆಯ ಮೇಲಿನ ಕೆಂಪು ಹಿಡಿಯನ್ನು ಎರಡೂ ಕೈಯಿಂದ ಎಳೆದಳು. ಒಳಗೆ ವಿದ್ಯುತ್ ನಿಂತು, ಬೆಂಕಿ ಆರಿಸುವ ದ್ರಾವಣ ಸುರಿಯತೊಡಗಿತು. ವೈರ್‌ಲೆಸ್ಸಿನಲ್ಲಿ ಜಾಗ ಹೇಳಿ ಹಡಗಿನ ಅಗ್ನಿಶಾಮಕ ತಂಡವನ್ನು ಕರೆದಳು.

ಕ್ಯಾಪ್ಟನ್ ಮತ್ತು ಭಾವ ಏದುಸಿರು ಬಿಡುತ್ತ ಬಂದರು. ಬೆಂಕಿ ಪೂರ್ತಿ ಆರಿತೆಂದು ಖಾತ್ರಿ ಮಾಡಿಕೊಂಡು ಅಗ್ನಿಶಾಮಕ ತಂಡ ಬಾಗಿಲು ತೆರೆಯಿತು. ಕರಿಯುವ ಕೋಣೆ ಇದ್ದಿಲಾಗಿತ್ತು. ಬಾಗಿಲಿನ ಆ ಮೈಯ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತ್ತು. ಈ ಮೈಗೆ ಹತ್ತು ಹೆಜ್ಜೆ ದೂರದಲ್ಲಿ ಕೇಕು ನಿಂತಿತ್ತು. ಅದರ ನೆತ್ತಿಯ ಮೇಲಿನ ಬೆಣ್ಣೆಯ ಗುಲಾಬಿಯ ಒಂದು ಎಸಳೂ ಬಾಡಿರಲಿಲ್ಲ.

"ಹುಡುಗರು?" ಎಂದ ಭಾವ.

"ಏಳೂ ಜನ ಇದ್ದಾರೆ. ಎಣಿಸಿದೀನಿ."

ಅವನು ಅಲ್ಲೇ ನೆಲಕ್ಕೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತ. ಕೈಯಲ್ಲಿದ್ದ ದೂರಿನ ಕಾಗದದಿಂದಲೇ ಮೂಗು ಒರೆಸಿಕೊಂಡ.

ನಾಲ್ಕು ಗಂಟೆಗೆ ಸರಿಯಾಗಿ ಮೇಲೆ ಕೇಕು ಕತ್ತರಿಸಿದರು. ಐದಕ್ಕೆ ಕೆಳಗೆ ನೌಕರರ ಊಟದ ಮನೆಯಲ್ಲಿ ಇಡೀ ಸಿಬ್ಬಂದಿ ಸೇರಿ ಬಾಗಿಲಮ್ಮನನ್ನು ಕುರ್ಚಿಯ ಮೇಲೆ ಹತ್ತಿಸಿ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವಂತೆಯೇ ಕಾಣಲಿಲ್ಲ. ಸಂತೋಷಕ್ಕೆ ಅವಳ ಮುಖ ಕೆಂಪಾಯಿತು. ಆದರೂ ಹುಟ್ಟುಗುಣ ಬಿಡಬೇಕಲ್ಲ! ಬ್ರೆಡ್ಡಿನ ಖಾಲಿ ಬುಟ್ಟಿಯೊಂದನ್ನು ಮೇಜಿನ ಮೇಲಿಟ್ಟಳು.

"ಚಪ್ಪಾಳೆ ಸಾಕು. ಬಚ್ಚಿಟ್ಟಿರೋ ಬೆಣೆ ತಂದು ಹಾಕಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಎದ್ದವನು ಭಾವ. ಮರದ ಸೌಟೊಂದನ್ನು ಹಾಕಿ, "ನಾಳೆಗೆ ಅಂತ ಇಟ್ಕೊಂಡಿದ್ದೆ," ಎಂದ. ನಗೆ ಎದ್ದಿತು. ಬಟ್ಟೆ ಒಗೆಯುವವನು ಮಡಿಸಿದ ರಟ್ಟು ತಂದ, ವಾದ್ಯದವನು ಡ್ರಮ್ಮಿನ ಕೋಲು, ಡಾಕ್ಟರಮ್ಮ ತಲೆ ತಗ್ಗಿಸಿಕೊಂಡು ಒಂದು ದಪ್ಪ ವೈದ್ಯಗ್ರಂಥ. ನೋಡನೋಡುತ್ತ ಬುಟ್ಟಿ ತುಂಬಿತು.

ಎಲ್ಲರೂ ಹಾಕಿದ ಮೇಲೆ ಕ್ಯಾಪ್ಟನ್ ಎದ್ದರು. ಭಾಷಣವಿರಬೇಕೆಂದು ಸದ್ದಡಗಿತು. ಅವರು ಬಿಳಿ ಕೋಟಿನ ಜೇಬಿಗೆ ಕೈ ಹಾಕಿ, ಬಹಳ ದಿನದ ಬಳಕೆಯಿಂದ ಅಂಚು ಸವೆದು ನುಣುಪಾದ ಒಂದು ಮರದ ಬೆಣೆಯನ್ನು ತೆಗೆದು, ಬುಟ್ಟಿಯ ಮೇಲಿಟ್ಟರು.