ಕೊನೆಯ ಫ್ರೀ ಥ್ರೋ

"ಬೇಕೂಂತ್ಲೇ ತಪ್ಪಿಸ್ದೆ, ಅಲ್ವೇನೋ?" ಕೋಚ್ ತಮ್ಮ ಕೋಣೆಯ ಬಾಗಿಲು ಹಾಕಿ ಕೇಳಿದರು.

ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡ ಆಗಷ್ಟೇ ಫೈನಲ್ ಸೋತಿತ್ತು, ಒಂದೇ ಪಾಯಿಂಟಿನಿಂದ. ಕೊನೆಗೆ ಸಿಕ್ಕ ಎರಡೂ ಫ್ರೀ ಥ್ರೋಗಳನ್ನು ಲೋಹಿತ್ ಹಾಳುಮಾಡಿದ್ದ.

"ಕೈ ನಡುಗ್ಬಿಡ್ತು ಸರ್."

"ಪ್ರಾಕ್ಟೀಸಲ್ಲಿ ನೂರಕ್ಕೆ ತೊಂಬತ್ತು ಹಾಕೋನಿಗೆ?"

"ಅಮ್ಮನಾಣೆ ಸರ್."

"ಆಣೆಗೀಣೆ ಬೇಡ. ಕೈ ನಡುಗಿ ಮಿಸ್ ಮಾಡಿದೋನು ರಿಂಗನ್ನೇ ನೋಡ್ತಾನೆ, ಹೆಂಗಾದ್ರೂ ಬೀಳ್ಲಪ್ಪಾ ಅಂತ. ನೀನು ಚೆಂಡು ಬಿಟ್ಟ ತಕ್ಷಣ ಗ್ಯಾಲರಿ ನೋಡ್ದೆ. ಅಲ್ಲಿ ಯಾರು ಕೂತಿದ್ರು, ಸೋಲೋಕೆ ದುಡ್ಡು ಕೊಟ್ಟೋರಾ?"

ಲೋಹಿತ್ ನಿಧಾನವಾಗಿ ಕತ್ತೆತ್ತಿ, ಕೋಚ್ ಹಿಂದಿನ ಗೋಡೆಯನ್ನು ನೋಡಿದ.

ಅಲ್ಲಿ ಪ್ರಿನ್ಸಿಪಾಲರು ಹೆಮ್ಮೆಯಿಂದ ಕಟ್ಟು ಹಾಕಿಸಿದ್ದ ಹಳೇ ಫೋಟೊ ಇತ್ತು. ಕೋಚ್ ಸಂಬಳಕ್ಕೆ ಲೀಗ್ ಆಡುತ್ತಿದ್ದ ಕಾಲದ ಫೈನಲ್. ಅವರ ಕೊನೆಯ ಫ್ರೀ ಥ್ರೋ. ತಂಡ ಒಂದು ಪಾಯಿಂಟಿನಿಂದ ಸೋತ ಗಳಿಗೆ. ಚೆಂಡು ಇನ್ನೂ ರಿಂಗಿನ ಅಂಚಿನಲ್ಲಿತ್ತು. ಒಂಬತ್ತು ಆಟಗಾರರು ಬಾಯಿ ತೆರೆದು ಅದನ್ನೇ ನೋಡುತ್ತಿದ್ದರು.

ಕೋಚ್ ಒಬ್ಬರೇ ಗ್ಯಾಲರಿ ನೋಡುತ್ತಿದ್ದರು.