ತಾತನ ನೆಗ್ಗು

ಷೋರೂಮಿನಿಂದ ಆಗಷ್ಟೇ ಹೊರಬಂದ ಬೈಕನ್ನು ದಿಲೀಪ ಗುಂಡ್ಲುಪೇಟೆಯ ಮೂಗಯ್ಯನ ಗ್ಯಾರೇಜಿನ ಮುಂದೆ ನಿಲ್ಲಿಸಿ, ಟ್ಯಾಂಕಿಗೆ ಸುತ್ತಿಗೆಯಿಂದ ಹೊಡೆಯಲು ಹೇಳಿದ.

ಮೂಗಯ್ಯ ಬೀಡಿ ಆರಿಸಿದ. ತಲೆ ಕೆಟ್ಟಿದೆಯೇ ಎಂದು ಕೇಳಲಿಲ್ಲ. "ಅಳೇದೆಲ್ಲೋಯ್ತು?" ಎಂದ.

"ಹೋಯ್ತು ಮೂಗಣ್ಣ. ಅಪ್ಪಂಗೆ ಹೇಳ್ಬೇಡಿ."

"ಮದ್ದೂರ್ ತಾವಾ? ಆನೆಯಾ?"

ದಿಲೀಪ ತಲೆಯಾಡಿಸಿದ. ಇವನಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಗಾಡಿಯನ್ನು ಕಾಡು ಹಾಯುವ ಮದ್ದೂರಿನ ರಸ್ತೆಗೆ ಮಾತ್ರ ಒಯ್ಯಬೇಡ ಎಂದು ಅಪ್ಪ ಶಾಂತಮಲ್ಲಪ್ಪ ಕಾರಣ ಹೇಳದೆ ಕಟ್ಟಪ್ಪಣೆ ಮಾಡಿದ್ದರು. ದಿಲೀಪ ಒಯ್ದ. ಕಾಡಂಚಿನಲ್ಲಿ ನಿಲ್ಲಿಸಿ ಪೊದೆಯ ಕಡೆ ಹೋಗಿ ಬರುವಷ್ಟರಲ್ಲಿ ಒಂಟಿಸಲಗವೊಂದು ಅದನ್ನು ತುಳಿದು ಹಪ್ಪಳ ಮಾಡಿತ್ತು. ನೆಟ್ಟಗೆ ಉಳಿದದ್ದು ನಂಬರ್ ಪ್ಲೇಟು ಮಾತ್ರ. ಗಾಡಿ ಮೂಗಯ್ಯನ ಹತ್ತಿರ ಸರ್ವಿಸಿಗೆ ಹೋಗಿದೆ ಎಂದು ಅವನು ಮನೆಯಲ್ಲಿ ಹೇಳಿದ್ದ. ಅಪ್ಪ ಈ ಮೂಗಯ್ಯನನ್ನು ಬಿಟ್ಟು ಬೇರೆ ಮೆಕ್ಯಾನಿಕ್ಕಿನ ಕೈಗೆ ಅದನ್ನು ಕೊಟ್ಟವರಲ್ಲ.

ಅದು ದೊಡ್ಡಮಲ್ಲಪ್ಪ ತಾತನ ಗಾಡಿ, ಅವರೂರು ಹರವೆಗೆ ಬಂದ ಮೊದಲ ಮೋಟಾರ್ ಸೈಕಲ್ಲು. ಅಜ್ಜಿ ಮಲ್ಲಾಜಮ್ಮನನ್ನು ಹೆರಿಗೆಗೆ ಕರೆದೊಯ್ಯುವಾಗ ಕಲ್ಲಿನ ಮೇಲೆ ಬಿದ್ದು ಟ್ಯಾಂಕು ನೆಗ್ಗಿತ್ತು. ಅಜ್ಜಿಗಾಗಲಿ, ಹೊಟ್ಟೆಯಲ್ಲಿದ್ದ ಅಪ್ಪನಿಗಾಗಲಿ ಏನೂ ಆಗಲಿಲ್ಲ. ತಾತ ಆ ನೆಗ್ಗನ್ನು ತೆಗೆಸಲೇ ಇಲ್ಲ. ತಾತ ಹೋದ ಮೇಲೂ ಪ್ರತಿ ಆಯುಧಪೂಜೆಗೆ ಅಜ್ಜಿ ಟ್ಯಾಂಕಿಗೆ ವಿಭೂತಿ ಬಳಿದು, ನೆಗ್ಗಿನೊಳಗೆ ಅಂಗೈಯಿಟ್ಟು ನಿಲ್ಲುತ್ತಿದ್ದಳು. ಸರಿಯಾಗಿ ಆ ಹೊತ್ತಿಗೆ ಅಪ್ಪನಿಗೆ ಬೀದಿಯಲ್ಲಿ ಬೂದುಗುಂಬಳಕಾಯಿ ಒಡೆಯುವ ಕೆಲಸವಿರುತ್ತಿತ್ತು.

ಗಾಡಿ ಇಷ್ಟು ವರ್ಷವಾದರೂ ಒಂದೇ ಕಿಕ್ಕಿಗೆ ಏಳುತ್ತಿತ್ತು. ಆ ಕಾಲದ ಕಬ್ಬಿಣ ಎಂದು ಊರೇ ಹೊಗಳುತ್ತಿತ್ತು. ಅಪ್ಪ ಮಾತ್ರ ಹೊಗಳುತ್ತಿರಲಿಲ್ಲ. ಅಜ್ಜಿಗೆ ಈಗ ಕಣ್ಣು ಮಂಜಾಗಿತ್ತು, ಅಂಗೈಯೇ ಕಣ್ಣು. ಅಂಗೈಗೆ ನೆಗ್ಗು ಸಿಗದಿದ್ದರೆ ಮುದುಕಿಯ ಎದೆಯೇ ಒಡೆದೀತೆಂದು ದಿಲೀಪನಿಗೆ ನಿಜವಾಗಿಯೂ ಭಯವಿತ್ತು.

ಪುಣ್ಯಕ್ಕೆ ಕಂಪನಿ ಅದೇ ಹಳೇ ಅಚ್ಚಿನ ಗಾಡಿಯನ್ನು ಈಗಲೂ ಮಾಡುತ್ತಿತ್ತು. ಬಣ್ಣ, ಸೀಟು, ಹ್ಯಾಂಡಲ್ಲು, ಕನ್ನಡಿ ಎಲ್ಲವನ್ನೂ ಗಿರಾಕಿ ಕೇಳಿದಂತೆ ಜೋಡಿಸಿಕೊಡುತ್ತೇವೆ ಎಂದಿದ್ದಳು ಚಾಮರಾಜನಗರದ ಷೋರೂಮಿನ ಶಿವರಂಜನಿ.

"ಟ್ಯಾಂಕಿನ ಈ ಬೀಗದ ಮುಚ್ಚಳ ಮಾತ್ರ ಹೊಸ ಡಿಸೈನು ಸಾರ್."

"ನಮ್ ತಾತನ ಗಾಡೀಲೂ ಇದೇ ಇತ್ತಲ್ಲ."

ಶಿವರಂಜನಿ ಅವನನ್ನು ಒಮ್ಮೆ ನೋಡಿದಳು. ಗಿರಾಕಿಯ ಮಾತನ್ನು ತಳ್ಳಿಹಾಕಬಾರದು ಎಂದು ಅವಳಿಗೆ ತರಬೇತಿಯಾಗಿತ್ತು. "ಅದೇ ಸಾರ್ ನಮ್ ಕಂಪನಿ ಪರಂಪರೆ," ಎಂದಳು.

ಮೂಗಯ್ಯ ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿದ. ದಿಲೀಪ ಮೊಬೈಲಿನಲ್ಲಿ ಹಳೇ ಗಾಡಿಯ ಫೋಟೊ ತೆಗೆದು ಹಿಡಿದ. ಮೂಗಯ್ಯ ಅದರ ಕಡೆ ನೋಡಲೇ ಇಲ್ಲ. ಒಂದೇ ಏಟು ಹಾಕಿದ.

"ಒಂದ್ ಬೆರಳು ಮೇಲಾಯ್ತಲ್ಲ ಮೂಗಣ್ಣ." ದಿಲೀಪ ಫೋಟೊವನ್ನು ಟ್ಯಾಂಕಿನ ಪಕ್ಕಕ್ಕೆ ಹಿಡಿದ.

"ಇಲ್ಲೇ ಸರಿ, ಬುಡು," ಎಂದು ಮೂಗಯ್ಯ ಹಳೇ ನಂಬರ್ ಪ್ಲೇಟಿಗೆ ಸ್ಕ್ರೂ ತಿರುಪತೊಡಗಿದ.

ಆಯುಧಪೂಜೆ ಬಂತು. ಅಪ್ಪ ಗಾಡಿಗೆ ಹಾರ ಹಾಕಿದರು, ಅದನ್ನು ಹೆಚ್ಚು ನೋಡದೆ ಬೂದುಗುಂಬಳಕಾಯಿ ಎತ್ತಿಕೊಂಡು ಬೀದಿಗೆ ಹೊರಟರು. ಅಜ್ಜಿ ವಿಭೂತಿ ಬಳಿದಳು. ಅಂಗೈ ಎಂದಿನ ಜಾಗಕ್ಕೆ ಹೋಯಿತು. ಅಲ್ಲಿ ತಗಡು ನುಣ್ಣಗಿತ್ತು.

ಅಜ್ಜಿಯ ಕೈ ತಡವರಿಸಿ, ಒಂದು ಬೆರಳು ಮೇಲೆ ಸರಿದು, ನೆಗ್ಗಿನೊಳಗೆ ಕೂತಿತು. ಬಹಳ ಹೊತ್ತು ಅವಳು ಕೈ ತೆಗೆಯಲಿಲ್ಲ. ಕೆನ್ನೆಯ ಮೇಲೆ ನೀರಿಳಿಯಿತು. ತಪ್ಪಾಯಿತು ಎಂದು ಕಾಲಿಗೆ ಬೀಳಲು ದಿಲೀಪ ಬಗ್ಗಿದ.

ಅಜ್ಜಿ ಬೀದಿಯ ಕಡೆ ಕಿವಿಗೊಟ್ಟಳು. ಮಗ ಇನ್ನೂ ಅಲ್ಲೇ ಇದ್ದಾನೆಂದು ಖಾತ್ರಿಯಾದ ಮೇಲೆ ಮೊಮ್ಮಗನ ಕಿವಿ ಹಿಡಿದು ಹತ್ತಿರಕ್ಕೆಳೆದಳು.

"ನಿಮ್ಮಪ್ಪನೂ ಇಂಗೇ ಒಸ ಗಾಡಿ ತಂದು ನಿಲ್ಸುದ್ನಲ್ಲ, ಅದ್ರಲ್ಲಿ ನೆಗ್ಗು ಚೂರು ಕೆಳುಕ್ಕಿತ್ತು ಕಣ್ ಮಗ. ಈ ಸಲ ಮೂಗಯ್ಯ ನಿಮ್ ತಾತನ್ ಜಾಗುಕ್ಕೇ ಒಡ್ದವ್ನೆ. ನಿಮ್ಮಪ್ಪಂಗೇಳ್ಬ್ಯಾಡ, ನೊಂದ್ಕತ್ತಾನೆ."